ಊರಿನ ಜೊತೆ ಸಂಶೋಧನೆ: ವಿಶ್ವವಿದ್ಯಾಲಯದ ಯೋಜನೆಯೊಂದನ್ನು ಜನರೊಂದಿಗೆ ನಡೆಸುವುದು ಹೇಗೆ?

ಸಂಶೋಧನಾ ಅನುದಾನದ ಅರ್ಜಿ ನಮೂನೆಗಳಲ್ಲಿ, ಕೊನೆಯ ಪುಟದ ಆಸುಪಾಸಿನಲ್ಲಿ, ಈ ಯೋಜನೆಯಿಂದ ಸಮಾಜಕ್ಕೆ ಆಗುವ ಪ್ರಯೋಜನವೇನು ಎಂದು ಕೇಳುವ ಒಂದು ಅಂಕಣವಿರುತ್ತದೆ. ಬಹುಪಾಲು ವಿಭಾಗಗಳಲ್ಲಿ ಅದು ಭರ್ತಿಯಾಗುವುದು ಅರ್ಜಿ ಸಲ್ಲಿಸುವ ಹಿಂದಿನ ರಾತ್ರಿ. ‘ಕಾರ್ಯಾಗಾರಗಳನ್ನು ಏರ್ಪಡಿಸಲಾಗುವುದು, ಕರಪತ್ರಗಳನ್ನು ಹಂಚಲಾಗುವುದು’ ಎಂದು ಎರಡು ಸಾಲು ಬರೆದು ಮುಗಿಸುತ್ತಾರೆ. ನಾನೂ ಹಾಗೆ ಬರೆದವನೇ. ಆ ಎರಡು ಸಾಲು ಬರೆದದ್ದಕ್ಕೆ ಮೂರು ವರ್ಷ ಊರೂರು ಅಲೆದು ಕಲಿತ ಸಂಗತಿಗಳನ್ನು, ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡಲಿರುವ ಅಧ್ಯಾಪಕರು ಮತ್ತು ಸಂಶೋಧನಾ ವಿದ್ಯಾರ್ಥಿಗಳಿಗೆ ಉಪಯೋಗವಾಗುವಂತೆ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕೃಷಿ, ನೀರು, ಆರೋಗ್ಯ, ಇಂಧನ, ಅರಣ್ಯ ಯಾವುದೇ ವಿಷಯವಾದರೂ ಹಂತಗಳು ಹೆಚ್ಚುಕಡಿಮೆ ಇವೇ.

ಈ ಬರಹದ ಉದ್ದಕ್ಕೂ ಒಂದು ಅಳತೆಗೋಲನ್ನು ಬಳಸಿದ್ದೇನೆ. ಊರಿಗೆ ಆರು ತಿಂಗಳು ಹೋಗಿ ಬಂದ ಮೇಲೂ ನಿಮ್ಮ ಸಂಶೋಧನಾ ಪ್ರಶ್ನೆಯ ಒಂದು ಪದವೂ ಬದಲಾಗಿಲ್ಲವೆಂದರೆ, ನೀವು ಇದುವರೆಗೆ ಮಾಡಿರುವುದು ಪ್ರಚಾರ. ಪ್ರಚಾರಕ್ಕೂ ಅದರದೇ ಆದ ಉಪಯೋಗವಿದೆ. ಆದರೆ ಅದಕ್ಕೆ ಬೇರೆ ಹೆಸರಿಡಬಾರದು.

ಹಂತ 1: ಹೊರಡುವ ಮೊದಲು ಹಣ ಮತ್ತು ಪಂಚಾಂಗ

ಜನರೊಂದಿಗಿನ ಕೆಲಸಕ್ಕೆ ಆಯವ್ಯಯದಲ್ಲಿ ಪ್ರತ್ಯೇಕ ಬಾಬ್ತು ಇಲ್ಲದಿದ್ದರೆ ಅದು ನಡೆಯುವುದಿಲ್ಲ. ಉಪಕರಣ, ರಾಸಾಯನಿಕ, ಪ್ರವಾಸಭತ್ಯೆ ಎಂದು ಹಂಚಿ ಉಳಿದದ್ದರಲ್ಲಿ ಮಾಡೋಣವೆಂದರೆ ಏನೂ ಉಳಿಯುವುದಿಲ್ಲ. ಅರ್ಜಿಯಲ್ಲೇ ನಾಲ್ಕು ಬಾಬ್ತುಗಳನ್ನು ಬರೆಯಿರಿ: ಊರಿನವರೇ ಆದ ಕ್ಷೇತ್ರ ಸಹಾಯಕರ ಸಂಬಳ, ಸಭೆ ಮತ್ತು ಸಂದರ್ಶನಕ್ಕೆ ಸಮಯ ಕೊಟ್ಟವರ ದಿನಗೂಲಿ, ಪ್ರಯೋಗದಿಂದ ಬೆಳೆ ನಷ್ಟವಾದರೆ ಕೊಡಬೇಕಾದ ಪರಿಹಾರ, ಫಲಿತಾಂಶವನ್ನು ಕನ್ನಡದಲ್ಲಿ ಊರಿಗೆ ಮರಳಿಸುವ ವೆಚ್ಚ. ಕೊನೆಯದನ್ನು ಮೂರನೇ ವರ್ಷದ ಕಡೆಯ ತಿಂಗಳಿಗೆ ಇಡಬೇಡಿ. ಆ ಹೊತ್ತಿಗೆ ಅನುದಾನದ ಕಂತು ಬಂದಿರುವುದಿಲ್ಲ, ವಿದ್ಯಾರ್ಥಿ ಪ್ರಬಂಧ ಬರೆಯುತ್ತ ಕುಳಿತಿರುತ್ತಾನೆ.

ಎರಡನೆಯದು ಪಂಚಾಂಗ. ವಿಶ್ವವಿದ್ಯಾಲಯದ ವರ್ಷ ಸೆಮಿಸ್ಟರ್ ಲೆಕ್ಕದಲ್ಲಿ ಓಡುತ್ತದೆ, ಊರಿನ ವರ್ಷ ಮಳೆಯ ಲೆಕ್ಕದಲ್ಲಿ. ಹಳೆ ಮೈಸೂರು ಸೀಮೆಯ ಒಣಭೂಮಿಯಲ್ಲಿ ಮುಂಗಾರು ರಾಗಿಯ ಬಿತ್ತನೆ ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ ನಡೆಯುತ್ತದೆ. ಕೊಯ್ಲು ನವೆಂಬರ್, ಡಿಸೆಂಬರ್‌ಗೆ ಬರುತ್ತದೆ. ಈ ಎರಡು ಕಾಲದಲ್ಲಿ ಸಭೆ ಕರೆದರೆ ಬರುವವರು ಕೆಲಸವಿಲ್ಲದವರು ಮತ್ತು ಭಾಷಣ ಮಾಡುವವರು ಮಾತ್ರ. ಸಂತೆಯ ದಿನ, ಊರಹಬ್ಬದ ವಾರ, ಮದುವೆಯ ಲಗ್ನಗಳು ಹೆಚ್ಚಿರುವ ತಿಂಗಳು ಇವನ್ನೆಲ್ಲ ಮೊದಲೇ ಗುರುತು ಹಾಕಿಕೊಂಡು, ಉಳಿದ ದಿನಗಳಲ್ಲಿ ನಿಮ್ಮ ಕೆಲಸವನ್ನು ಹೊಂದಿಸಿಕೊಳ್ಳಬೇಕು. ವರ್ಷಕ್ಕೆ ನಿಜವಾಗಿ ಸಿಗುವ ದಿನಗಳು ಎಷ್ಟು ಕಡಿಮೆ ಎಂಬುದು ಆಗ ತಿಳಿಯುತ್ತದೆ.

ಹಂತ 2: ಊರನ್ನು ಆರಿಸುವುದು

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಡಾಂಬರು ರಸ್ತೆಯ ಪಕ್ಕದಲ್ಲಿರುವ, ಈಗಾಗಲೇ ನಾಲ್ಕು ಸಂಸ್ಥೆಗಳ ಫಲಕ ನೆಟ್ಟಿರುವ ಊರನ್ನು ಬಿಡಿ. ಅಲ್ಲಿನ ಜನರಿಗೆ ಯಾವ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೆ ಬಂದವರು ಸಂತೋಷಪಡುತ್ತಾರೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮ ಕಾಲೇಜು 2014ರಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನದಡಿ ಹಳ್ಳಿಗಳನ್ನು ದತ್ತು ಪಡೆದಿದ್ದರೆ ಅಲ್ಲಿಂದ ಶುರು ಮಾಡುವುದು ಸುಲಭ. ಆದರೆ ಕಡತದಲ್ಲಿ ದತ್ತು ಪಡೆದಿರುವುದು ಊರಿನವರಿಗೆ ಗೊತ್ತಿದೆಯೇ ಎಂದು ಮೊದಲು ವಿಚಾರಿಸಿ. ಅವರಿಗೆ ಗೊತ್ತೇ ಇಲ್ಲದ ಉದಾಹರಣೆಗಳನ್ನು ನಾನು ಕಂಡಿದ್ದೇನೆ.

ಹಂತ 3: ಮೊದಲ ಭೇಟಿ

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನೂ ಅಧ್ಯಕ್ಷರನ್ನೂ ಕಂಡು ಪತ್ರ ಕೊಡುವುದು ಅಗತ್ಯ. ಅಲ್ಲಿಗೆ ನಿಲ್ಲಿಸುವುದು ತಪ್ಪು. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಸ್ವಸಹಾಯ ಸಂಘದ ಪ್ರತಿನಿಧಿ, ನೀರು ಬಿಡುವ ವಾಟರ್‌ಮನ್ ಈ ನಾಲ್ವರಿಗೆ ಊರಿನ ಪ್ರತಿ ಮನೆಯ ಸಂಗತಿ ಗೊತ್ತಿರುತ್ತದೆ. ಹೈನುಗಾರಿಕೆ ಇರುವ ಊರಾದರೆ ಬೆಳಗ್ಗೆ ಆರು ಗಂಟೆಗೆ ಹಾಲಿನ ಡೈರಿಯ ಮುಂದೆ ನಿಂತುಕೊಳ್ಳಿ. ಕ್ಯಾನು, ಉಗ್ಗ, ಪ್ಲಾಸ್ಟಿಕ್ ಡಬ್ಬ ಹಿಡಿದು ಒಬ್ಬೊಬ್ಬರಾಗಿ ಬರುತ್ತಾರೆ, ಜಿಡ್ಡಿನ ಅಂಶ ನೋಡಿ ಪುಸ್ತಕದಲ್ಲಿ ಬರೆಯುವವರೆಗೂ ಕಾಯುತ್ತಾರೆ, ಅಷ್ಟರಲ್ಲಿ ಮಾತು ತಾನಾಗಿಯೇ ಹುಟ್ಟುತ್ತದೆ. ನಾನು ಕರೆದ ಎಷ್ಟೋ ಔಪಚಾರಿಕ ಸಭೆಗಳಿಗಿಂತ ಆ ಸಾಲಿನಲ್ಲಿ ಕಲಿತದ್ದು ಹೆಚ್ಚು.

ಸಭೆ ಎಲ್ಲಿ ಸೇರುತ್ತದೆ ಎಂಬುದರ ಮೇಲೆ ಯಾರು ಮಾತಾಡುತ್ತಾರೆ ಎಂಬುದು ನಿಂತಿದೆ. ದೇವಸ್ಥಾನದ ಅಂಗಳದಲ್ಲೋ ಯಜಮಾನರ ಮನೆಯ ಜಗುಲಿಯ ಮೇಲೋ ಕರೆದರೆ, ಕೇರಿಯ ಜನ ಬಂದರೂ ದೂರದಲ್ಲಿ ನಿಂತು ಹೋಗುತ್ತಾರೆ. ಅವರು ಬಾಯಿ ಬಿಟ್ಟಿಲ್ಲವೆಂಬುದು ನಿಮ್ಮ ವರದಿಯಲ್ಲಿ ‘ಎಲ್ಲರೂ ಒಪ್ಪಿದರು’ ಎಂದು ದಾಖಲಾಗುತ್ತದೆ. ಶಾಲೆ, ಅಂಗನವಾಡಿ, ಡೈರಿ ಕಟ್ಟಡ ವಾಸಿ. ಅದಕ್ಕಿಂತ ವಾಸಿ ಕೇರಿಗೇ ಹೋಗಿ ಇನ್ನೊಂದು ಸಭೆ ನಡೆಸುವುದು, ಹೆಂಗಸರೊಂದಿಗೆ ಮೂರನೆಯದನ್ನು ನಡೆಸುವುದು. ಹೆಂಗಸರ ಸಭೆಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸ್ವಲ್ಪ ಬಿಡುವು ಸಿಗುತ್ತದೆ. ಸಂಜೆ ಐದಾದರೆ ದನ, ಒಲೆ, ನೀರು ಎಂದು ಎದ್ದುಬಿಡುತ್ತಾರೆ.

ಮೊದಲ ಎರಡು ಮೂರು ಭೇಟಿಗಳಲ್ಲಿ ಪ್ರಶ್ನಾವಳಿ ತೆಗೆಯಬೇಡಿ. ಕಾಗದ ಕಂಡ ಕೂಡಲೇ ಜನ ಸರ್ಕಾರದ ಸೌಲಭ್ಯದ ಪಟ್ಟಿ ಬಂದಿದೆ ಎಂದುಕೊಳ್ಳುತ್ತಾರೆ, ಉತ್ತರಗಳು ಅದಕ್ಕೆ ತಕ್ಕಂತೆ ಬಾಗುತ್ತವೆ. ನಿಮ್ಮಿಂದ ಮನೆಯಾಗಲಿ ಸಾಲವಾಗಲಿ ಪಿಂಚಣಿಯಾಗಲಿ ಬರುವುದಿಲ್ಲ ಎಂಬುದನ್ನು ಮೊದಲ ದಿನವೇ, ನಾಲ್ಕು ಬಾರಿ, ಬಿಡಿಸಿ ಹೇಳಬೇಕು.

ಹಂತ 4: ಪ್ರಶ್ನೆಯನ್ನು ಬದಲಾಗಲು ಬಿಡುವುದು

ಇಡೀ ಕೆಲಸದ ತಿರುಳು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಹೆಸರು ಅದು. ಅವರು ಪ್ರಯೋಗಾಲಯದಲ್ಲಿ ಕೂರದೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರವನ್ನು ತೆರೆದರು. ಮೊದಲು ಮಾಡಿದ ದೊಡ್ಡ ಕೆಲಸವೆಂದರೆ ಆ ಭಾಗದ ಆರು ಹಳ್ಳಿಗಳಲ್ಲಿ ಇಂಧನ ಎಲ್ಲಿಂದ ಬರುತ್ತದೆ, ಯಾವುದಕ್ಕೆ ಖರ್ಚಾಗುತ್ತದೆ, ಅದನ್ನು ಹೊತ್ತು ತರುವವರು ಯಾರು ಎಂಬುದನ್ನು ಮನೆಮನೆಯಲ್ಲಿ ಅಳೆದದ್ದು. ಊರಿನ ಇಂಧನದ ಬಹುಪಾಲು ಸೌದೆ, ಅದರ ಬಹುಪಾಲು ಅಡುಗೆಗೆ. ಅದನ್ನು ಆಯ್ದು ತರುವುದರಲ್ಲಿ ಹೆಂಗಸರು ಮತ್ತು ಮಕ್ಕಳ ಪಾಲು ದೊಡ್ಡದು ಎಂಬ ಚಿತ್ರ ಆ ಅಳತೆಯಿಂದ ಸಿಕ್ಕಿತು.

ಇದನ್ನು ನೋಡಿದ ಯಾವ ಎಂಜಿನಿಯರ್ ಆದರೂ ಅಡುಗೆಗೆ ಗೋಬರ್ ಗ್ಯಾಸ್ ಕೊಡೋಣ ಎಂದೇ ಹೇಳುತ್ತಾನೆ. ಅಲ್ಲಿಗೆ ಹತ್ತಿರದ ಪುರ ಎಂಬ ಹಳ್ಳಿಯಲ್ಲಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದ್ದು ಆ ಯೋಚನೆಯಿಂದಲೇ. ಆದರೆ ಊರಿನ ದನಗಳು ಹಾಕುವ ಸಗಣಿಯಿಂದ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. ಇನ್ನೊಂದು ಸಂಗತಿಯೂ ಇತ್ತು: ಬೇಲಿಯ ಸೌದೆ, ಪುರಲೆ ದುಡ್ಡಿಲ್ಲದೆ ಸಿಗುತ್ತಿದ್ದ ಊರಿನಲ್ಲಿ ಅಡುಗೆಯ ಇಂಧನ ಜನರ ಮೊದಲ ತೊಂದರೆಯಾಗಿರಲಿಲ್ಲ. ಕುಡಿಯುವ ನೀರು ಮನೆಯ ಹತ್ತಿರ ಸಿಗುವುದು ಅವರಿಗೆ ಬೇಕಿತ್ತು. ಯೋಜನೆಯ ದಿಕ್ಕು ಬದಲಾಯಿತು. 1987ರಿಂದ ಅದೇ ಅನಿಲದಿಂದ ಸಣ್ಣ ಡೀಸೆಲ್ ಎಂಜಿನ್ ಓಡಿಸಿ, ವಿದ್ಯುತ್ ತೆಗೆದು, ಕೊಳವೆಬಾವಿಯ ನೀರನ್ನು ಎತ್ತಿ ನಲ್ಲಿಗಳಿಗೆ ಬಿಟ್ಟರು. ಸಂಜೆ ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ತೂಕದ ಲೆಕ್ಕದಲ್ಲಿ ಕಿಲೋಗೆ ಎರಡು ಪೈಸೆಯಂತೆ ಹಣ, ಜೊತೆಗೆ ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡ ಗೊಬ್ಬರವಾಗಿ ವಾಪಸು. ಸ್ಥಾವರವನ್ನು ಊರಿನ ಯುವಕರೇ ನಡೆಸಿದರು.

ಈ ಪ್ರಸಂಗವನ್ನು ತಂತ್ರಜ್ಞಾನದ ಯಶಸ್ಸೆಂದು ಹೇಳಿಕೊಳ್ಳುವುದು ರೂಢಿ. ನನಗೆ ಮುಖ್ಯವಾಗಿ ಕಾಣುವುದು ನಡುವಿನ ಆ ತಿರುವು. ಯಂತ್ರ ಬಹುಮಟ್ಟಿಗೆ ಅದೇ, ಸಗಣಿ ಅದೇ, ವಿಜ್ಞಾನಿಗಳೂ ಅವರೇ. ಬದಲಾದದ್ದು ‘ಅಡುಗೆಗೆ ಇಂಧನ ಹೇಗೆ?’ ಎಂಬ ಪ್ರಶ್ನೆ ‘ನೀರು ಹೇಗೆ?’ ಎಂದಾದದ್ದು. ಮೂರು ವರ್ಷದ ಗುರಿಗಳನ್ನು ಮೊದಲೇ ಬರೆದು ಸಹಿ ಮಾಡಿರುವ ಇಂದಿನ ಯೋಜನೆಗಳಲ್ಲಿ ಇಂಥ ತಿರುವಿಗೆ ಜಾಗವೇ ಇರುವುದಿಲ್ಲ. ಆ ಜಾಗವನ್ನು ನೀವೇ ಮಾಡಿಕೊಳ್ಳಬೇಕು. ಅರ್ಜಿಯ ಉದ್ದೇಶಗಳಲ್ಲಿ ಒಂದನ್ನು ‘ಮೊದಲ ವರ್ಷದ ಸಮುದಾಯ ಸಮಾಲೋಚನೆಯ ಆಧಾರದ ಮೇಲೆ ನಿರ್ಧರಿಸಲಾಗುವುದು’ ಎಂದು ತೆರೆದಿಡಿ. ಕೆಲವು ಪರಿಶೀಲಕರು ಹುಬ್ಬು ಗಂಟಿಕ್ಕುತ್ತಾರೆ, ಹಲವರು ಒಪ್ಪುತ್ತಾರೆ.

ಅಡುಗೆಮನೆಯನ್ನೂ ಅಸ್ತ್ರದವರು ಬಿಡಲಿಲ್ಲ. ಹೊಗೆ ಕೊಳವೆಯಿರುವ, ಮೂರು ಪಾತ್ರೆ ಕೂರುವ ಸೌದೆ ಒಲೆ ಅವರ ಹೆಸರಿನಲ್ಲೇ ‘ಅಸ್ತ್ರ ಒಲೆ’ ಎಂದು ರಾಜ್ಯದಾದ್ಯಂತ ಹರಡಿತು. ಒಲೆಯ ವಿಷಯದಲ್ಲಿ ಸಂಶೋಧಕನಾದವನು ನೋಡಲೇಬೇಕಾದ ಒಂದು ದೃಶ್ಯವನ್ನು ಇಲ್ಲಿ ಹೇಳಬೇಕು. ರಾಗಿ ಮುದ್ದೆ ಮಾಡುವಾಗ ಹೆಂಗಸು ಪಾತ್ರೆಯ ಕಂಠಕ್ಕೆ ಕವೆಗೋಲು ಕೊಟ್ಟು ಅದನ್ನು ಕಾಲಿನಲ್ಲಿ ಒತ್ತಿ ಹಿಡಿದು, ಎರಡೂ ಕೈಯಿಂದ ಮುದ್ದೆ ಕೋಲನ್ನು ಹಿಡಿದು ಹಿಟ್ಟನ್ನು ಗಂಟಿಲ್ಲದಂತೆ ತೊಳಸುತ್ತಾಳೆ. ಆ ಬಲಕ್ಕೆ ಅಲುಗದಂತೆ ಪಾತ್ರೆ ಕೂರದಿದ್ದರೆ, ಒಲೆ ಎಷ್ಟೇ ಸೌದೆ ಉಳಿಸಿದರೂ ಆಕೆಯ ಮನೆಯಲ್ಲಿ ಅದು ಉಳಿಯದು. ಶಾಖದ ದಕ್ಷತೆಯನ್ನು ಅಳೆಯುವ ನಮ್ಮ ನೀರು ಕುದಿಸುವ ಪರೀಕ್ಷೆಯಲ್ಲಿ ಕವೆಗೋಲು ಬರುವುದೇ ಇಲ್ಲ. ರಾಗಿಯ ತಳಿಗಳ ಕಥೆಯೂ ಹೀಗೆಯೇ. ನಾವು ಎಕರೆಗೆ ಕಾಳಿನ ಇಳುವರಿ ತೂಗುತ್ತೇವೆ, ದನ ಕಟ್ಟಿದವನು ಹುಲ್ಲಿನ ಬಣವೆಯನ್ನು ನೋಡುತ್ತಾನೆ. ಕಾಳು ಹೆಚ್ಚು, ಹುಲ್ಲು ಕಡಿಮೆ ಎನ್ನುವ ತಳಿಯನ್ನು ಅವನು ಒಪ್ಪದಿದ್ದರೆ ಅದು ಅಜ್ಞಾನವಲ್ಲ, ಲೆಕ್ಕಾಚಾರ.

ಈ ಹಂತವನ್ನು ಕಾರ್ಯರೂಪಕ್ಕೆ ತರುವುದು ಹೀಗೆ. ಮೊದಲ ಆರು ತಿಂಗಳು ನಿಮ್ಮ ವಿದ್ಯಾರ್ಥಿ ತಿಂಗಳಿಗೆ ಕನಿಷ್ಠ ಒಂದು ವಾರ ಊರಿನಲ್ಲೇ ತಂಗಬೇಕು. ದಿನಚರಿ ಬರೆಯಬೇಕು, ಅದರಲ್ಲಿ ತನ್ನ ವಿಷಯಕ್ಕೆ ಸಂಬಂಧವಿಲ್ಲವೆನಿಸಿದ ದೂರುಗಳನ್ನು ಬೇರೆ ಪುಟದಲ್ಲಿ ಬರೆದಿಡಬೇಕು. ಆರು ತಿಂಗಳ ನಂತರ ತಂಡವೆಲ್ಲ ಕುಳಿತು ಆ ಪುಟಗಳನ್ನೇ ಮೊದಲು ಓದಿ. ಆಮೇಲೆ ಮೂಲ ಪ್ರಶ್ನೆಯನ್ನು ಗೋಡೆಯ ಮೇಲೆ ಬರೆದು, ಯಾವ ಪದ ಹೋಗಬೇಕು, ಯಾವುದು ಬರಬೇಕು ಎಂದು ತೀರ್ಮಾನಿಸಿ. ತೀರ್ಮಾನವನ್ನು ಊರಿನ ಸಭೆಯಲ್ಲಿ ಓದಿ ಹೇಳಿ.

ಹಂತ 5: ಒಪ್ಪಿಗೆ

ಮನುಷ್ಯರನ್ನು ಒಳಗೊಳ್ಳುವ ಜೈವಿಕ ಮತ್ತು ಆರೋಗ್ಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳಿವೆ; ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಇಲ್ಲದೆ ಮೊದಲ ಸಂದರ್ಶನವನ್ನೂ ಮಾಡಬಾರದು. ಗಿಡಮೂಲಿಕೆ, ಬಿತ್ತನೆ ಬೀಜ, ನಾಟಿ ವೈದ್ಯದ ತಿಳಿವಳಿಕೆ ದಾಖಲಿಸುವುದಾದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯನ್ನು ಓದಿಕೊಳ್ಳಿ, ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಯೊಂದಿಗೆ ಮಾತಾಡಿ. ಕಾಡಿನಲ್ಲಿ ವಾಸಿಸುವ ಸಮುದಾಯಗಳಿದ್ದಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಡಿಯ ಗ್ರಾಮಸಭೆಯನ್ನು ಬದಿಗಿಟ್ಟು ಅರಣ್ಯ ಇಲಾಖೆಯ ಪತ್ರವೊಂದನ್ನೇ ಹಿಡಿದು ಹೋಗುವುದು ಸರಿಯಲ್ಲ.

ಕಾನೂನಿನ ಮಾತು ಅಷ್ಟು. ಒಪ್ಪಿಗೆ ಪತ್ರ ಹೇಗಿರಬೇಕು ಎಂಬುದು ಹೆಚ್ಚು ಮುಖ್ಯ. ಇಂಗ್ಲಿಷಿನಿಂದ ಇಳಿಸಿದ ‘ಸದರಿ ಅಧ್ಯಯನದಲ್ಲಿ ಸ್ವಯಂಪ್ರೇರಿತವಾಗಿ ಪಾಲ್ಗೊಳ್ಳಲು ಈ ಮೂಲಕ ಸಮ್ಮತಿಸಿರುತ್ತೇನೆ’ ಎಂಬ ಬಗೆಯ ವಾಕ್ಯ ನೈತಿಕ ಸಮಿತಿಗೆ ಅರ್ಥವಾಗುತ್ತದೆ, ಸಹಿ ಹಾಕುವವರಿಗೆ ಆಗುವುದಿಲ್ಲ. ನಾವು ನೀರಿನ ಅಧ್ಯಯನವೊಂದಕ್ಕೆ ಬಳಸಿದ ಮಾತುಗಳನ್ನು ಮಾದರಿಗಾಗಿ ಕೊಡುತ್ತಿದ್ದೇನೆ:

‘ನಾವು ವಿಶ್ವವಿದ್ಯಾಲಯದಿಂದ ಬಂದಿದ್ದೇವೆ. ನಿಮ್ಮ ಮನೆಯವರು ಕುಡಿಯುವ ನೀರನ್ನು ಒಂದು ಬಾಟಲಿ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡುತ್ತೇವೆ. ಒಂದು ತಿಂಗಳೊಳಗೆ ಫಲಿತಾಂಶವನ್ನು ನಿಮ್ಮ ಮನೆಗೇ ಬಂದು ಹೇಳುತ್ತೇವೆ. ನಿಮ್ಮ ಹೆಸರನ್ನು ಪುಸ್ತಕದಲ್ಲಾಗಲಿ ಪತ್ರಿಕೆಯಲ್ಲಾಗಲಿ ಹಾಕುವುದಿಲ್ಲ. ಬೇಡವೆಂದರೆ ಈಗಲೇ ಬೇಡವೆನ್ನಿ, ನಾಳೆ ಬೇಡವೆನಿಸಿದರೂ ಹೇಳಿ. ಬೇಡವೆಂದರೆ ನಿಮ್ಮ ರೇಷನ್ನಿಗೂ ಪಿಂಚಣಿಗೂ ಏನೂ ತೊಂದರೆಯಿಲ್ಲ. ಒಪ್ಪಿದರೂ ನಮ್ಮಿಂದ ಯಾವ ಸರ್ಕಾರಿ ಸೌಲಭ್ಯವೂ ಬರುವುದಿಲ್ಲ.’

ಇದನ್ನು ಓದಿ ಹೇಳಿದ ಮೇಲೆ, ‘ಈಗ ನಾನು ಹೇಳಿದ್ದನ್ನು ನೀವು ಒಮ್ಮೆ ಹೇಳಿ ಅಮ್ಮಾ’ ಎಂದು ಕೇಳಬೇಕು. ಓದು ಬಾರದವರಿದ್ದರೆ ಹೆಬ್ಬೆಟ್ಟಿನ ಜೊತೆಗೆ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಸಹಿ ಬೇಕು. ಗಂಡಸು ಒಪ್ಪಿದರೆ ಮನೆಯವರೆಲ್ಲ ಒಪ್ಪಿದಂತೆ ಎಂದು ಭಾವಿಸಬೇಡಿ. ಫೋಟೋಗೆ ಬೇರೆಯೇ ಒಪ್ಪಿಗೆ ಕೇಳಬೇಕು.

ಹಂತ 6: ಮಾಹಿತಿಯನ್ನು ಊರಿನ ಅಳತೆಯಲ್ಲಿ ಕೇಳುವುದು

‘ಯಾವ ತಿಂಗಳಲ್ಲಿ ಬಿತ್ತಿದಿರಿ?’ ಎಂದು ಕೇಳಿದರೆ ರೈತ ನಿಮ್ಮ ಮುಖ ನೋಡಿ ಒಂದು ತಿಂಗಳನ್ನು ಹೇಳುತ್ತಾನೆ. ‘ಯಾವ ಮಳೆಗೆ ಬಿತ್ತಿದಿರಿ?’ ಎಂದು ಕೇಳಿದರೆ ‘ಪುನರ್ವಸು ಕಡೇ ಪಾದದಲ್ಲಿ’ ಎನ್ನುತ್ತಾನೆ. ಒಂದು ಮಳೆ ನಕ್ಷತ್ರಕ್ಕೆ ಹದಿಮೂರೋ ಹದಿನಾಲ್ಕೋ ದಿನ, ಅದರ ಒಂದು ಪಾದಕ್ಕೆ ಮೂರು ದಿನಕ್ಕೂ ಸ್ವಲ್ಪ ಹೆಚ್ಚು. ತಿಂಗಳ ಹೆಸರಿಗಿಂತ ಎಷ್ಟೋ ಪಾಲು ನಿಖರವಾದ ಉತ್ತರ ಸಿಕ್ಕಿತು. ಪಂಚಾಂಗ ನೋಡಿ ತಾರೀಖಿಗೆ ಬದಲಿಸಿಕೊಳ್ಳುವ ಶ್ರಮ ನಿಮ್ಮದು. ಜಮೀನನ್ನು ಹೆಕ್ಟೇರಿನಲ್ಲಿ ಕೇಳಬೇಡಿ, ಎಕರೆ ಗುಂಟೆಯಲ್ಲಿ ಕೇಳಿ. ನಲವತ್ತು ಗುಂಟೆಗೆ ಒಂದು ಎಕರೆ. ಸೇರು, ಕೊಳಗ, ಪಲ್ಲ ಊರಿಂದೂರಿಗೆ ಬದಲಾಗುವುದರಿಂದ, ಮೊದಲ ವಾರವೇ ಊರಿನ ಸೇರನ್ನು ತರಿಸಿ ರಾಗಿ ತುಂಬಿ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ.

ಸಮೀಕ್ಷೆಗೆ ಊರಿನವರನ್ನೇ ತರಬೇತಿ ಕೊಟ್ಟು ನೇಮಿಸಿಕೊಳ್ಳುವುದು ಒಳ್ಳೆಯದು, ಒಂದು ಎಚ್ಚರಿಕೆಯೊಂದಿಗೆ: ಸಾಲ, ಕಾಯಿಲೆ, ಮನೆಯ ಜಗಳದಂಥ ವಿಷಯಗಳನ್ನು ಪಕ್ಕದ ಮನೆಯ ಹುಡುಗಿ ಬಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಅಂಥವಕ್ಕೆ ಬೇರೆ ಊರಿನವರು ಬೇಕು.

ಜನರ ತಿಳಿವಳಿಕೆಯನ್ನು ಮಾಹಿತಿಯಾಗಿ ಮಾತ್ರ ನೋಡದೆ ವಾದವಾಗಿ ನೋಡಬೇಕಾದ ಸಂದರ್ಭಗಳೂ ಬರುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ‘ತರಗು ಬೆಂಕಿ’ ಎಂಬ, ನೆಲದ ಒಣ ಎಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿ ಹಾಕುತ್ತಿದ್ದರು. ಬೆಂಕಿ ನಿಷೇಧವಾದ ಮೇಲೆ ನೆಲ್ಲಿ ಮರಗಳ ಮೇಲೆ ಬಂದಳಿಕೆ ಹೆಚ್ಚಾಯಿತು, ಲಂಟಾನ ಹಬ್ಬಿತು ಎಂಬುದು ಅವರ ವಾದ. ಅಲ್ಲಿ ದುಡಿದ ಸಂಶೋಧಕರು ಇದನ್ನು ನಂಬಿಕೆ ಎಂದು ತಳ್ಳಿಹಾಕದೆ, ಪರೀಕ್ಷಿಸಬಹುದಾದ ಪ್ರಮೇಯವಾಗಿ ಎತ್ತಿಕೊಂಡರು. ಜನರ ತಿಳಿವಳಿಕೆಗೆ ವಿಜ್ಞಾನಿಯೊಬ್ಬ ತೋರಿಸಬಹುದಾದ ಗೌರವ ಅದನ್ನು ಹೊಗಳುವುದಕ್ಕಿಂತ ಪರೀಕ್ಷೆಗೆ ಯೋಗ್ಯವೆಂದು ಎಣಿಸುವುದರಲ್ಲಿ ಹೆಚ್ಚಿದೆ ಎಂದು ನನ್ನ ಅಭಿಪ್ರಾಯ.

ರೈತರ ಹೊಲದಲ್ಲಿ ಪ್ರಯೋಗ ಮಾಡುವಾಗ ಅವರ ಪದ್ಧತಿಯ ತಾಕು ಪಕ್ಕದಲ್ಲೇ ಇರಲಿ, ಎರಡಕ್ಕೂ ಒಂದೇ ಬಗೆಯ ನೆಲ ಸಿಗಲಿ. ಹೊಸ ಪದ್ಧತಿಯ ತಾಕಿಗೆ ನೀವು ಕೂಲಿ ಕೊಟ್ಟು ಮೂರು ಸಲ ಕಳೆ ತೆಗೆಸಿ, ಅವರ ತಾಕನ್ನು ಅವರ ಪಾಡಿಗೆ ಬಿಟ್ಟರೆ, ಗೆದ್ದದ್ದು ನಿಮ್ಮ ಪದ್ಧತಿಯಲ್ಲ, ನಿಮ್ಮ ಕೂಲಿಹಣ.

ಹಂತ 7: ಫಲಿತಾಂಶವನ್ನು ಮರಳಿಸುವುದು

ನಮ್ಮ ತಂಡ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳುತ್ತೇನೆ. ಒಂದು ಊರಿನ ಮಣ್ಣು ಪರೀಕ್ಷೆಯ ಫಲಿತಾಂಶಗಳನ್ನು ಪ್ರಯೋಗಾಲಯದ ಯಂತ್ರ ಮುದ್ರಿಸಿ ಕೊಟ್ಟ ಹಾಗೆಯೇ, ಇಂಗ್ಲಿಷಿನಲ್ಲಿ, ಹಂಚಿಬಿಟ್ಟೆವು. ಮುಂದಿನ ವರ್ಷ ಹೋದಾಗ ಅಜ್ಜಿಯೊಬ್ಬರ ಮನೆಯಲ್ಲಿ ಆ ಹಾಳೆ ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ರೇಷನ್ ಕಾರ್ಡಿನ ಜೊತೆ ಭದ್ರವಾಗಿತ್ತು. ‘ಇದ ಯಾವ ಆಫೀಸಿಗೆ ಕೊಡ್ಬೇಕು ಸಾ?’ ಎಂದು ಆಕೆ ಕೇಳಿದರು. ವರ್ಷವಿಡೀ ಅದನ್ನು ಅರ್ಜಿಯೆಂದು ಕಾಪಾಡಿಕೊಂಡು ಬಂದಿದ್ದರು.

ಅಂದಿನಿಂದ ಒಂದು ಮನೆಗೆ ಒಂದು ಚೀಟಿ, ಅದರಲ್ಲಿ ಮೂರೇ ಸಂಗತಿ ಎಂಬ ನಿಯಮ ಮಾಡಿಕೊಂಡೆವು: ಏನು ಸಿಕ್ಕಿತು, ಅದು ಒಳ್ಳೆಯದೋ ಕೆಟ್ಟದೋ, ಈಗ ಏನು ಮಾಡಬಹುದು. ನೀರಿನ ಫ್ಲೋರೈಡನ್ನೇ ತೆಗೆದುಕೊಳ್ಳೋಣ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹ್ಯ. ಚೀಟಿಯಲ್ಲಿ ಸಂಖ್ಯೆಯ ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ಹಾಕಿ. ಕೆಂಪು ಬಂದವರಿಗೆ ಮೊದಲು ಹೇಳಬೇಕಾದ ಮಾತೆಂದರೆ ನೀರನ್ನು ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ ಎಂಬುದು. ಏಕೆಂದರೆ ‘ನೀರು ಕೆಟ್ಟಿದೆ’ ಎಂದ ಕೂಡಲೇ ಎಲ್ಲರೂ ಮಾಡುವುದು ಕಾಯಿಸುವುದನ್ನೇ. ಕೆಟ್ಟ ಸುದ್ದಿಯನ್ನು ಊರಸಭೆಯಲ್ಲಿ ಹೆಸರು ಹಿಡಿದು ಓದಬೇಡಿ. ಮನೆಗೆ ಹೋಗಿ ಹೇಳಿ, ಪಂಚಾಯಿತಿಗೆ ಒಟ್ಟು ಚಿತ್ರವನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಅದನ್ನೂ ಆ ಪತ್ರದಲ್ಲೇ ಸೇರಿಸಿ. ಪ್ರಬಂಧ ಪ್ರಕಟವಾಗುವವರೆಗೆ ಫಲಿತಾಂಶ ಗೋಪ್ಯ ಎಂಬ ವಾದ ಕುಡಿಯುವ ನೀರಿನ ವಿಷಯದಲ್ಲಿ ನಿಲ್ಲುವುದಿಲ್ಲ.

ಕೃಷಿ ಸಂಶೋಧನೆಯವರಿಗೆ ಕ್ಷೇತ್ರೋತ್ಸವ, ಕೃಷಿ ಮೇಳ, ಆಕಾಶವಾಣಿಯ ಕೃಷಿರಂಗ, ಸಮುದಾಯ ಬಾನುಲಿ ಎಂಬ ಸಿದ್ಧ ದಾರಿಗಳಿವೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲೂ ಧಾರವಾಡದಲ್ಲೂ ನಡೆಯುವ ಕೃಷಿ ಮೇಳಗಳ ಜನಸಂದಣಿ ನೋಡಿದವರಿಗೆ ವಿಶ್ವವಿದ್ಯಾಲಯದ ಮೇಲೆ ರೈತರಿಗಿರುವ ನಿರೀಕ್ಷೆ ಅರ್ಥವಾಗುತ್ತದೆ. ಮೇಳದಲ್ಲಿ ಬೀಜ, ಸಸಿ, ಸಲಹೆ ಸಿಗುತ್ತದೆ. ಆದರೆ ಮಾತು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಮಳಿಗೆಯಲ್ಲಿ ರೈತರು ಕೇಳಿದ ಪ್ರಶ್ನೆಗಳನ್ನು ಬರೆದುಕೊಳ್ಳಲು ಒಬ್ಬ ವಿದ್ಯಾರ್ಥಿಯನ್ನು ಕೂರಿಸಿದರೆ, ಸಂಜೆಗೆ ಮುಂದಿನ ಮೂರು ಯೋಜನೆಗಳಿಗೆ ಸಾಕಾಗುವಷ್ಟು ಸರಕು ಕೈಗೆ ಬರುತ್ತದೆ.

ಹಂತ 8: ವ್ಯವಸ್ಥೆಯೊಂದಿಗೆ ಜೋಡಿಸುವುದು

ಊರಿಗೆ ಒಳ್ಳೆಯದಾದದ್ದು ನೀವು ಹೋದ ಮೇಲೂ ಉಳಿಯಬೇಕಾದರೆ, ಅಲ್ಲಿ ಮೊದಲಿನಿಂದ ಇರುವ ಯಾವುದಾದರೂ ವ್ಯವಸ್ಥೆ ಅದನ್ನು ಎತ್ತಿಕೊಳ್ಳಬೇಕು. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಆನೇಕಲ್ ಕಡೆಯ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರಿಗೆ ಕಲಿಸಿದರೆ ಅವರು ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ಕೊಡಬಲ್ಲರೇ ಎಂದು ಪರೀಕ್ಷಿಸಿತು. 1980ರ ದಶಕದ ಮಧ್ಯದಲ್ಲಿ ಅದನ್ನೇ ಬಳ್ಳಾರಿ ಜಿಲ್ಲೆಯ ಮಟ್ಟಕ್ಕೆ ಒಯ್ದರು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಹೊಸ ಆಸ್ಪತ್ರೆ ಕಟ್ಟಿದ್ದರೆ ಅದು ಅಲ್ಲಿಗೇ ನಿಲ್ಲುತ್ತಿತ್ತೇನೋ. ಇದ್ದ ಆರೋಗ್ಯ ಕೇಂದ್ರದೊಳಗೆ ಕೆಲಸವನ್ನು ಇಟ್ಟದ್ದರಿಂದ ಅದು ದೇಶಕ್ಕೆ ಹಬ್ಬಲು ಸಾಧ್ಯವಾಯಿತು. ನಿಮ್ಮ ಯೋಜನೆಗೂ ಎರಡನೇ ವರ್ಷದಲ್ಲೇ ಇಂಥ ಆಸರೆಯನ್ನು ಹುಡುಕಿ: ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ, ಹಾಲಿನ ಸಂಘ, ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರಿ ಪ್ರೌಢಶಾಲೆ. ಯಾವುದೂ ಒಪ್ಪದಿದ್ದರೆ ಅದೂ ಒಂದು ಫಲಿತಾಂಶವೇ. ಕಾರಣ ಕೇಳಿ ಬರೆದಿಡಿ.

ಹಂತ 9: ಬಿಟ್ಟು ಬರುವುದು

ಅನುದಾನ ಮುಗಿದ ತಿಂಗಳು ಫೋನ್ ಎತ್ತದೆ ಮಾಯವಾಗುವುದು ನಮ್ಮ ಸಂಶೋಧನಾ ಲೋಕದ ಹಳೆಯ ಚಾಳಿ. ಮುಂದೆ ಆ ಊರಿಗೆ ಹೋಗುವ ಬೇರೊಂದು ತಂಡ ಅದರ ಬೆಲೆ ತೆರುತ್ತದೆ. ಯೋಜನೆ ಮುಗಿಯುವ ಆರು ತಿಂಗಳ ಮೊದಲೇ ಊರಿನ ಸಭೆಯಲ್ಲಿ ಕೊನೆಯ ದಿನವನ್ನು ಹೇಳಿಬಿಡಿ. ಮಳೆಮಾಪಕ, ಪಂಪು, ಪರೀಕ್ಷಾ ಕಿಟ್ ಯಾವುದು ಊರಿಗೆ ಉಳಿಯುತ್ತದೆ, ಯಾವುದು ವಾಪಸು ಹೋಗುತ್ತದೆ ಎಂದು ಪಟ್ಟಿ ಮಾಡಿ, ವಿಶ್ವವಿದ್ಯಾಲಯದ ದಾಸ್ತಾನು ಪುಸ್ತಕದಿಂದ ಅವನ್ನು ಕ್ರಮಬದ್ಧವಾಗಿ ವರ್ಗಾಯಿಸಿಕೊಡಿ. ಇದಕ್ಕೆ ನಾಲ್ಕು ತಿಂಗಳಾದರೂ ಹಿಡಿಯುತ್ತದೆ ಎಂದು ಅನುಭವದಿಂದ ಹೇಳುತ್ತೇನೆ. ಯಂತ್ರವಿದ್ದರೆ ಅದನ್ನು ಬಿಚ್ಚಿ ಜೋಡಿಸಲು ಊರಿನ ಇಬ್ಬರಿಗೆ ಕಲಿಸಿ, ಬಿಡಿಭಾಗ ಸಿಗುವ ಅಂಗಡಿಯನ್ನು ತಾಲ್ಲೂಕು ಕೇಂದ್ರದಲ್ಲೇ ತೋರಿಸಿಕೊಡಿ. ಪ್ರಬಂಧದ ಸಾರವನ್ನು ಎಂಟು ಪುಟದ ಕನ್ನಡ ಪುಸ್ತಿಕೆಯಾಗಿ ಮುದ್ರಿಸಿ ಶಾಲೆಯ ಗ್ರಂಥಾಲಯಕ್ಕೂ ಪಂಚಾಯಿತಿ ಗ್ರಂಥಾಲಯಕ್ಕೂ ಕೊಡಿ. ಕೆಲಸ ಮಾಡಿದ ಊರಿನವರು ಒಪ್ಪಿದರೆ ಅವರ ಹೆಸರುಗಳು ಮೊದಲ ಪುಟದಲ್ಲಿರಲಿ.

ಕೊನೆಯ ವರದಿಯಲ್ಲಿ ಎಷ್ಟು ಜನ ಸಭೆಗೆ ಬಂದರು ಎಂಬ ಸಂಖ್ಯೆಯನ್ನು ಕೇಳುತ್ತಾರೆ, ಬರೆಯಿರಿ. ಅದರ ಜೊತೆಗೆ ಕೇಳದೆ ಇದ್ದರೂ ಮೂರು ಸಂಗತಿಗಳನ್ನು ಸೇರಿಸಿ: ಮೊದಲ ಪ್ರಶ್ನೆ ಏನಿತ್ತು, ಕೊನೆಗೆ ಏನಾಯಿತು; ಎರಡನೇ ಸಭೆಗೆ ಮರಳಿ ಬಂದ ಹೆಂಗಸರು ಎಷ್ಟು; ಊರಿನವರು ಬೇಡವೆಂದದ್ದು ಯಾವುದು. ಒಂದು ವರ್ಷ ಕಳೆದ ಮೇಲೆ, ಭತ್ಯೆ ಸಿಗದಿದ್ದರೂ, ಒಂದು ದಿನ ಬೆಳಗಿನ ಬಸ್ಸಿಗೆ ಹೋಗಿ ಬನ್ನಿ. ಡೈರಿಯ ಮುಂದೆ ಇಳಿದು, ನೀವು ಬಿಟ್ಟು ಬಂದ ಮಳೆಮಾಪಕದ ಪುಸ್ತಕ ಯಾರ ಮನೆಯಲ್ಲಿದೆ ಎಂದು ಕೇಳಿ, ಕೊನೆಯ ನಮೂದು ಯಾವ ತಾರೀಖಿನದು ಎಂದು ನೋಡಿ ಬರೆದುಕೊಳ್ಳಿ.